ಹಸಿರು ಜೀಪಿನ ಮುಂದಿನ ಚಕ್ರಗಳು

ಫೆಬ್ರವರಿ ೧೧, ಭಾನುವಾರ

ಪ್ರೀತಿಯ ಅಣ್ಣನಿಗೆ,

ನಾನಿಲ್ಲಿ ಕ್ಷೇಮ, ಅಪ್ಪನ ಜೀಪು ಮಾತ್ರ ಬಿಚ್ಚಿಕೊಂಡು ಮನೆ ತುಂಬ ಬಿದ್ದಿದೆ. ನಿನ್ನ ಹೊಸವರ್ಷದ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಕೆನಿಸಿದರೆ ಬೈದುಬಿಡು. ಫೋನು ಮಾಡಬಹುದಿತ್ತು. ಆದರೆ ಅಪ್ಪನ ಮಾತೆತ್ತಿದರೆ ಸಾಕು, ನಿನ್ನ ಕಡೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ತೊಂದರೆಯಿಲ್ಲ.

ವಿಷಯ ಏನೆಂದರೆ, ಶಾಲೆಯ ಕೆಲಸ ಬಿಟ್ಟೆ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟಿದ್ದಾಯಿತು, ಇನ್ನಾದರೂ ಅದನ್ನು ಕಣ್ಣಾರೆ ನೋಡೋಣ ಅಂತ. ಅಪ್ಪ ಪ್ರತಿ ಜುಲೈನಲ್ಲಿ ಹೋಗುತ್ತಿದ್ದರಲ್ಲ, ಕಣಿವೆ ದಾಟಿ, ಹಿಮದ ಗೋಡೆಗಳ ನಡುವೆ ಹಾದು, ಆಚೆಯ ಉಪ್ಪಿನ ಸರೋವರದವರೆಗೆ? ಅದೇ ದಾರಿಯಲ್ಲಿ, ಅದೇ ಜೀಪಿನಲ್ಲಿ ಹೋಗಬೇಕು. ಹೋಗಿಬರಲು ಸಾವಿರಾರು ಕಿಲೋಮೀಟರ್. ಪಕ್ಕದ ಸೀಟು ಖಾಲಿಯಿದೆ, ಅದರಲ್ಲಿ ನೀನು ಕೂರಬೇಕು. ಆಗುವುದಿಲ್ಲ ಎನ್ನುವ ಮೊದಲು ಪೂರ್ತಿ ಓದು.

ಗಾಡಿ ಸಿದ್ಧಮಾಡುತ್ತಿರುವವರು ನಮ್ಮ ಬೀದಿಯ ಮೆಕ್ಯಾನಿಕ್. ಎಲ್ಲರೂ ನಿಧಾನಣ್ಣ ಎನ್ನುತ್ತಾರೆ. ಹೆಸರಿಗೆ ತಕ್ಕಂತೆ ಒಂದು ಬೋಲ್ಟು ಬಿಚ್ಚಲು ಎರಡು ಟೀ ಬೇಕು. ರೇಡಿಯೇಟರ್ ತೊಳೆದು, ಒಣಗಿ ಬಿರುಕುಬಿಟ್ಟ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿದ್ದಾರೆ. ಹಿಂದಿನ ಬೆಂಚು ಕಿತ್ತು ಮಲಗಲು ಹಲಗೆ ಹಾಕಿ, ಅದರ ಕೆಳಗೆ ಡ್ರಾಯರ್ ಮಾಡಿಸಿದ್ದಾರೆ. ನಾನು ಪುಸ್ತಕದ ಪೆಟ್ಟಿಗೆ ತಂದಿಟ್ಟರೆ ಅದನ್ನು ಎತ್ತಿ ನನ್ನ ಕೈಗೇ ಕೊಟ್ಟರು. "ಅಕ್ಕಾ, ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು, ಸ್ಪ್ರಿಂಗ್ ತಡ್ಕೊಳ್ಳೋಷ್ಟು ಸಾಮಾನು ತುಂಬ್ಬೇಕು" ಎಂದರು. ಪುಸ್ತಕವೆಲ್ಲ ವಾಪಸ್ ಮನೆಗೆ ಬಂತು, ನಿಘಂಟೊಂದನ್ನು ಮಾತ್ರ ಕದ್ದು ಇಟ್ಟಿದ್ದೇನೆ.

ಮೊನ್ನೆ ಅವರು ಮುಂದಿನ ಚಕ್ರದ ಎದುರು ಕುಕ್ಕರಗಾಲಲ್ಲಿ ಕೂತು ತುಂಬ ಹೊತ್ತು ಅದನ್ನೇ ನೋಡಿದರು. ಆಮೇಲೆ, "ಅಕ್ಕಾ, ನಿಮ್ಮಪ್ಪ ಕೆಸರಲ್ಲಿ ಸಿಕ್ಕಾಕೊಂಡಾಗ ಗಾಡೀನ ಹೇಗೆ ಎಬ್ಬಿಸ್ತಿದ್ರು?" ಎಂದು ಕೇಳಿದರು.

ನಾನು ಅಪ್ಪನ ಧಾಟಿಯಲ್ಲೇ ಹೇಳಿದೆ. ಚಕ್ರ ಹೂತುಹೋಯಿತು, ಲಿವರ್ ಎಳೆದೆ, ನಾಲ್ಕೂ ಚಕ್ರ ಒಟ್ಟಿಗೆ ಎಳೆದವು, ಜೀಪು ಎದ್ದು ಬಂತು!

"ಕೆಳಗೆ ಇಳೀತಿರಲಿಲ್ವಾ?"

"ಇಲ್ಲಪ್ಪ, ಕೂತಲ್ಲಿಂದಲೇ."

ನಿಧಾನಣ್ಣ ಮೂಗಿನ ಮೇಲೆ ಬೆರಳಿಟ್ಟರು. ಇಷ್ಟು ಹಳೆಯ ಗಾಡಿಯಲ್ಲಿ ಬರೀ ಲಿವರ್ ಎಳೆದರೆ ಮುಂದಿನ ಚಕ್ರ ಎಳೆಯುವುದಿಲ್ಲವಂತೆ. ಮೊದಲು ಕೆಳಗಿಳಿದು, ಮುಂದಿನ ಒಂದೊಂದು ಚಕ್ರದ ನಟ್ಟನಡುವೆ ಇರುವ ಗುಂಡನೆಯ ಹಬ್ ಲಾಕ್ ಅನ್ನು ಕೈಯಿಂದ ತಿರುಗಿಸಬೇಕಂತೆ. ಅದನ್ನು ನನಗೆ ತೋರಿಸಿದರು. ಕಾರ್ಖಾನೆಯಲ್ಲಿ ಬಳಿದ ಹಸಿರು ಬಣ್ಣ ಲಾಕಿನ ಸುತ್ತಲ ಸಂದನ್ನು ಮುಚ್ಚಿಕೊಂಡು ಹಾಗೇ ಇದೆ, ಎಲ್ಲೂ ಒಂದು ಬಿರುಕಿಲ್ಲ.

"ಇದನ್ನ ಒಂದ್ಸಲಾನೂ ಯಾರೂ ತಿರುಗಿಸಿಲ್ಲ ಅಕ್ಕ. ಬೆಟ್ಟ ಹತ್ತೋ ಗೇರಿನ ಹಲ್ಲೂ ನೋಡ್ದೆ, ಹೊಸದರ ಥರ ಇವೆ. ಈ ಗಾಡಿ ಡಾಂಬರು ಬಿಟ್ಟು ಕೆಳಗೆ ಇಳಿದಿಲ್ಲ."

ನನ್ನ ತಲೆಗೆ ಹುಳ ಬಿಟ್ಟು ಅವರು ಟೀ ಕುಡಿಯಲು ಹೋದರು. ಹಾಗಾದರೆ ಅಪ್ಪ ಹೇಳಿದ್ದೆಲ್ಲ ಕಾಗಕ್ಕ ಗುಬ್ಬಕ್ಕನ ಕಥೆಯೇ? ಪ್ರತಿ ಜುಲೈನಲ್ಲಿ ಹತ್ತು ದಿನ ಎಲ್ಲಿರುತ್ತಿದ್ದರು? ನಿನಗೆ ಏನಾದರೂ ಗೊತ್ತಿದ್ದರೆ ಬರೆ. ಅತ್ತಿಗೆಗೆ ನಮಸ್ಕಾರ ಹೇಳು.

ನಿನ್ನ ತಂಗಿ

ಮಾರ್ಚ್ ೨೪, ಭಾನುವಾರ

ಪ್ರೀತಿಯ ಅಣ್ಣಾ,

"ನನಗೇನೂ ಗೊತ್ತಿಲ್ಲ. ಅವರಿಗೆ ಬೆಟ್ಟ ನೋಡೋಕೆ ಪುರುಸೊತ್ತಿತ್ತು, ನನ್ನ ನೋಡೋಕಿರಲಿಲ್ಲ. ನಾನು ಬರಲ್ಲ." ನಿನ್ನ ಈ ಒಂದೂವರೆ ಸಾಲು ತಲುಪಿ ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಸುಮ್ಮನೆ ಕೂತಿರಲಿಲ್ಲ.

ನಿನ್ನ ಕೋಪ ನನಗೆ ಹೊಸದಲ್ಲ. ಅಮ್ಮ ತೀರಿಕೊಂಡಾಗ ನಿನಗೆ ಆರು, ನನಗೆ ಒಂದು. ಇಬ್ಬರನ್ನೂ ಸಾಕಲಾಗದೆ ಅಪ್ಪ ನಿನ್ನನ್ನು ಮಕ್ಕಳಿಲ್ಲದ ಅತ್ತೆಗೆ ಕೊಟ್ಟುಬಿಟ್ಟರು. ಹುಡುಗನ ಮನಸ್ಸನ್ನು ಎರಡು ಕಡೆ ಎಳೆಯಬಾರದು, ಅಪ್ಪ ತನ್ನ ಮನೆ ಬಾಗಿಲಿಗೆ ಬರಕೂಡದು ಎಂದು ಅತ್ತೆ ಅವರಿಂದ ಮಾತು ತೆಗೆದುಕೊಂಡರು. ಅಪ್ಪ ಬರಲೇ ಇಲ್ಲ. ಅದಕ್ಕೇ ಎರಡು ವರ್ಷದ ಹಿಂದೆ ಅವರು ತೀರಿಹೋದಾಗ ನೀನು ಒಳಗೂ ಕೂರದೆ ಬಾಗಿಲಲ್ಲೇ ನಿಂತು ವಾಪಸಾದೆ. ಇಷ್ಟು ನಮ್ಮಿಬ್ಬರಿಗೂ ಗೊತ್ತಿದ್ದದ್ದು.

ಈಗ ಕೇಳು. ತುಕ್ಕು ಹಿಡಿದಿದೆಯೇ ಎಂದು ನೋಡಲು ನಿಧಾನಣ್ಣ ಡ್ರೈವರ್ ಬಾಗಿಲ ಪಕ್ಕದ ರೆಕ್ಸಿನ್ ಕಿತ್ತರು. ಅದರಡಿಯಲ್ಲಿ ಆಯಿಲ್ ಬದಲಿಸಿದ ದಿನ ಬರೆದು ಗ್ಯಾರೇಜಿನವರು ಅಂಟಿಸುತ್ತಾರಲ್ಲ, ಅಂಥ ಹತ್ತು ಚೀಟಿಗಳಿದ್ದವು. ಹತ್ತೂ ಒಂದೇ ಗ್ಯಾರೇಜಿನವು, ಹತ್ತೂ ಜುಲೈ ತಿಂಗಳವು. ಊರು, ಅತ್ತೆಯ ಊರು. ನೀನು ಕಾಲೇಜಿಗೆಂದು ಹಾಸ್ಟೆಲ್ ಸೇರಿದ ವರ್ಷದಿಂದ ಚೀಟಿಯಿಲ್ಲ. ಅದೇ ವರ್ಷ ಅಪ್ಪ, "ಮೊಣಕಾಲು ನೋವು, ಇನ್ನು ಬೆಟ್ಟ ಸಾಕು" ಎಂದು ನನಗೆ ಹೇಳಿದ್ದರು.

ದೂರ ಹೋಗುವ ಮುಂಚೆ ಗಾಡಿಯನ್ನು ಮುನ್ನೂರು ಕಿಲೋಮೀಟರಾದರೂ ಓಡಿಸಿ ನೋಡಬೇಕು ಎಂದು ನಿಧಾನಣ್ಣ ಹೇಳಿದ್ದರು. ಸರಿ, ಅತ್ತೆಯ ಊರಿಗೇ ಓಡಿಸಿದೆ. ಗ್ಯಾರೇಜ್ ಇನ್ನೂ ಇದೆ, ಮಾಲೀಕರ ಮಗಳು ನಡೆಸುತ್ತಾಳೆ. ಎಂಬತ್ತು ದಾಟಿದ ಹಳೆಯ ಯಜಮಾನರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎದುರಿಗೆ ಏನಿದೆ ಗೊತ್ತಲ್ಲ? ನಿನ್ನ ಶಾಲೆಯ ಗೇಟು.

ಜೀಪನ್ನು ನೋಡಿದ್ದೇ ಅವರು ಎದ್ದು ನಿಂತರು. "ಹಸಿರು ಜೀಪಿನ ಯಜಮಾನ್ರ ಮಗಳೇನಮ್ಮಾ? ಗಾಡಿಗೆ ಏನೂ ಆಗಿರ್ತಿರಲಿಲ್ಲ, ಆದ್ರೂ ಬಿಚ್ಚಿ ನೋಡಿ ಅನ್ನೋರು. ಇವತ್ತು ಆಯಿಲ್, ನಾಳೆ ಬ್ರೇಕು, ನಾಡಿದ್ದು ಮತ್ತೊಂದು. ಆ ಬೆಂಚಿನ ಮೇಲೆ ಕೂತಿರೋರು. ಶಾಲೆ ಗಂಟೆ ಹೊಡೆದ್ರೆ ಮುಖಕ್ಕೆ ಪೇಪರ್ ಅಡ್ಡ ಹಿಡಿಯೋರು. ಎಷ್ಟೋ ಸಲ ಪೇಪರ್ ತಲೆಕೆಳಗಾಗಿರ್ತಿತ್ತು."

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಅವರು ಮುಂದುವರಿಸಿದರು.

"ಒಂದ್ಸಲ ಹುಡುಗರ ಚೆಂಡು ಶೆಡ್ಡೊಳಗೆ ಬಿತ್ತು. ತಗೊಳ್ಳೋಕೆ ಒಬ್ಬ ಹುಡುಗ ಓಡಿ ಬಂದ. ಇವರು ಚೆಂಡು ಹಿಡ್ಕೊಂಡು ಗಾಡಿ ಕೆಳಗೆ ನುಗ್ಗಿ ಮಲಗಿಬಿಟ್ರು. ಅಲ್ಲಿಂದಲೇ ಹೊರಗೆ ಉರುಳಿಸಿದ್ರು. ಹುಡುಗ 'ಥ್ಯಾಂಕ್ಸ್ ಅಂಕಲ್' ಅಂತ ಬಗ್ಗಿ ಕೂಗಿ ಹೋದ. ಅವತ್ತು ಇವರು ಸಾಯಂಕಾಲದ ತನಕ ಗಾಡಿ ಕೆಳಗಿಂದ ಏಳಲೇ ಇಲ್ಲಮ್ಮ."

ಅಣ್ಣಾ, ಆ ಹುಡುಗ ನೀನೇನಾ? ಅಪ್ಪ ಕೊಟ್ಟ ಮಾತು ತಪ್ಪಲಿಲ್ಲ, ಬಾಗಿಲಿಗೆ ಬರಲಿಲ್ಲ. ಎದುರು ಬೀದಿಯಲ್ಲಿ ಕೂತರು, ಹತ್ತು ವರ್ಷ. ಚೀಟಿಗಳ ಫೋಟೋ ಇದರ ಜೊತೆ ಇಟ್ಟಿದ್ದೇನೆ, ತಾರೀಖು ನೋಡಿಕೋ. ಪ್ರತಿ ವರ್ಷವೂ ನಿನ್ನ ಹುಟ್ಟಿದ ದಿನದ ವಾರ.

ವಾಪಸ್ ಬರುವಾಗ ದಾರಿ ಬದಿಯ ಕೆಸರುಗದ್ದೆಗೆ ಜೀಪನ್ನು ಬೇಕೆಂದೇ ಇಳಿಸಿದೆ. ಸಿಕ್ಕಿಕೊಂಡಿತು. ಇಳಿದು ಎರಡೂ ಹಬ್ ಲಾಕ್ ತಿರುಗಿಸಿದೆ, ಬಣ್ಣ ಚಟ್ ಎಂದು ಒಡೆಯಿತು. ಲಿವರ್ ಎಳೆದೆ. ಜೀಪು ಎದ್ದು ಬಂತು! ಅಪ್ಪ ಸುಳ್ಳು ಹೇಳಿದ್ದರೂ ಗಾಡಿಯ ವಿಷಯದಲ್ಲಿ ಸುಳ್ಳಾಗಿರಲಿಲ್ಲ ನೋಡು. ಕಣಿವೆಯೂ ಸರೋವರವೂ ನಕ್ಷೆಯಲ್ಲಿ ಇವೆ, ಅವನ್ನು ನಮ್ಮ ಮನೆಯವರು ಯಾರೂ ನೋಡಿಲ್ಲ, ಅಷ್ಟೇ. ಜುಲೈ ಮೊದಲ ವಾರ ಹೊರಡುತ್ತೇನೆ. ನಿನ್ನ ಸೀಟಿಗೆ ಹೊಸ ಬೆಲ್ಟ್ ಹಾಕಿಸಿದ್ದೇನೆ.

ಫೋನಿನಲ್ಲಿ ಅತ್ತಿಗೆ ಹೇಳಿದ ಕೈ ನೋವು ಬೇಗ ವಾಸಿಯಾಗಲಿ. ಮಕ್ಕಳು ನೂರು ಕಾಲ ಚೆನ್ನಾಗಿರಲಿ, ಅವರಪ್ಪನಷ್ಟು ಹಠ ಅವರಿಗೆ ಬಾರದಿರಲಿ.

ನಿನ್ನ ತಂಗಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಬಾರದೆಂದುಕೊಂಡಿದ್ದೆ. ನನಗೆ ಒಂಬತ್ತು ವರ್ಷವಿದ್ದಾಗ ಒಂದು ಜುಲೈನಲ್ಲಿ ವಿಪರೀತ ಜ್ವರ ಬಂತು. ಹೋಗಬೇಡ ಎಂದು ಅಪ್ಪನ ಅಂಗಿ ಹಿಡಿದು ಅತ್ತಿದ್ದೆ. "ತಡ ಮಾಡಿದ್ರೆ ಕಣಿವೆ ಮುಚ್ಚಿಹೋಗುತ್ತೆ ಪುಟ್ಟೀ" ಎಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಪಕ್ಕದ ಮನೆ ಅಜ್ಜಿಯ ಹತ್ತಿರ ಬಿಟ್ಟು ಹೋದರು. ಹತ್ತು ದಿನ ಅಜ್ಜಿಯ ಚಾಪೆಯ ಮೇಲೆ ಮಲಗಿಕೊಂಡು, ನಮ್ಮಪ್ಪ ಹಿಮ ದಾಟುತ್ತಿದ್ದಾರೆ ಎಂದು ಬಂದವರಿಗೆಲ್ಲ ಹೇಳಿದೆ. ಇಷ್ಟು ವರ್ಷ ನಿನ್ನನ್ನು ನೆನೆದು ಅಯ್ಯೋ ಪಾಪ, ಕೊಟ್ಟುಬಿಟ್ಟ ಮಗು ಎನ್ನುತ್ತಿದ್ದೆ. ಮನೆಯಲ್ಲಿ ಇಟ್ಟುಕೊಂಡ ಮಗುವನ್ನು ಬಿಟ್ಟು ಅವರು ನಿನ್ನ ಹತ್ತಿರ ಬರುತ್ತಿದ್ದರು. ಐವತ್ತೆರಡನೇ ವಯಸ್ಸಿನಲ್ಲಿ ನಿನ್ನ ಮೇಲೆ ಹೊಟ್ಟೆಕಿಚ್ಚು, ನಗಬೇಡ. ನೀನು ಬರಲೇಬೇಕು ಅಣ್ಣಾ. ಆದರೆ ಮೊದಲ ದಿನ ನಾನು ನಿನ್ನ ಜೊತೆ ಮಾತಾಡದಿದ್ದರೆ ಬೇಜಾರು ಮಾಡಿಕೊಳ್ಳದೆ ಸುಮ್ಮನೆ ಪಕ್ಕದಲ್ಲಿ ಕೂತಿರು.