ಸೀಮೆಸುಣ್ಣದ ಗೆರೆವರೆಗೂ

ರೀ,

ರಾತ್ರಿ ಪಾಳಿ ಮುಗಿಸಿ ಬಂದೋರನ್ನ ಎಬ್ಬಿಸೋದು ಬೇಡ ಅಂತ ಬರೀತಿದೀನಿ. ಹುಳಿ ಮುಚ್ಚಿಟ್ಟಿದೀನಿ, ಬಿಸಿ ಮಾಡ್ಕೊಳ್ಳಿ.

ಬೆಳಿಗ್ಗೆ ಶೆಡ್ಡಿಗೆ ಹೋಗಿ ನೀವು ಕಟ್ತಿರೋ ರೇಸ್ ಕಾರಲ್ಲಿ ಕೂತು ನೋಡ್ದೆ. ಕ್ಲಚ್ ಒಡೆದ್ರೆ ಚೂರು ಗುಂಡಿನ ಹಾಗೆ ಹಾರುತ್ತೆ ಅಂತ ನೀವೇ ಹೇಳಿದ್ದು. ಅದಕ್ಕೆ ಅಂತ ಕೂರಿಸಿರೋ ಕಬ್ಬಿಣದ ಗಾರ್ಡು ಪೆಟ್ರೋಲ್ ಪೈಪನ್ನ ಚೆನ್ನಾಗಿ ಕಾಯುತ್ತೆ. ನಿಮ್ಮ ಎಡಗಾಲು ಮಾತ್ರ ಪೂರ್ತಿ ಬಯಲಲ್ಲಿದೆ.

ನಿಮ್ಮ ಮೊಣಕಾಲು ನನ್ನದಕ್ಕಿಂತ ನಾಲ್ಕು ಬೆರಳು ಎತ್ತರ ಅಂತ ಅಂದಾಜು ಮಾಡಿ ಕಾಲಿನ ಪಕ್ಕದ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದೀನಿ. ಸಿದ್ದಾಪುರದ ವೆಲ್ಡಿಂಗ್ ವೆಂಕಟಸ್ವಾಮಿ ಹತ್ರ ಅಲ್ಲಿವರೆಗೂ ದಪ್ಪ ಪ್ಲೇಟ್ ಹಾಕ್ಸಿ. ತೆಳು ತಗಡಿಗೆ ನಾನು ಒಪ್ಪಲ್ಲ.

ಭಾನುವಾರ ರೇಸಿಗೆ ಹೋಗ್ಬೇಡಿ ಅನ್ನಲ್ಲ. ಯಾವತ್ತೂ ಅಂದಿಲ್ಲ.

ಕಾರಿನ ಕೀ ಹುಡುಕಬೇಡಿ. ತಾಳಿ ಸರಕ್ಕೆ ಸಿಕ್ಕಿಸ್ಕೊಂಡು ಆಫೀಸಿಗೆ ಹೊರಟಿದೀನಿ.

ಕಾತ್ಯಾಯಿನಿ