ಬಸ್ಸಿನವನು ಎತ್ತಿದ ಎರಡು ಬೆರಳು

ಜುಲೈ ೯, ಮಂಗಳವಾರ

ಬಾಯಿ ಮುಚ್ಚಿಕೊಂಡು ಕೂರುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ಹೋದ ವಾರ ನನ್ನ ಮೊಮ್ಮಗಳು, ಎಲ್ಡ್ರಿಡ್, ಕಾರು ಓಡಿಸಲು ಕಲಿಯುವಾಗ ಪಕ್ಕದಲ್ಲಿದ್ದ ನಾನು ಸ್ಟೀರಿಂಗಿಗೆ ಕೈ ಹಾಕಿಬಿಟ್ಟಿದ್ದೆ. "ಇನ್ನೊಂದ್ ಸಲ ಹಿಂಗ್ ಮಾಡಿದ್ರೆ ನಿನ್ ಜೊತೆ ಕಲಿಯೋದೇ ಇಲ್ಲ ಅಜ್ಜ" ಎಂದಿದ್ದಳು. ಇವತ್ತು ಬೆಟ್ಟದ ದಾರಿಗೆ ಹೊರಡುವ ಮೊದಲು ಕಂದು ಚೀಸ್ ಇಟ್ಟ ಬ್ರೆಡ್ಡಿನ ಪೊಟ್ಟಣವನ್ನು ನನ್ನ ಮಡಿಲಿಗೆ ಹಾಕಿದಳು. "ಮಾತು ಬಂದಾಗೆಲ್ಲ ಒಂದ್ ತುತ್ತು ಕಚ್ಚು."

ಮೇಲೆ ರಸ್ತೆಯ ಎರಡೂ ಬದಿಯ ಹಿಮ ಇನ್ನೂ ಕರಗುತ್ತಿತ್ತು. ಕುರಿಗಳು ದಾರಿಯ ನಡುವೆಯೇ ಮಲಗಿದ್ದವು. ಕೆಳಗೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ, ಫ್ಯೋರ್ಡಿನ, ಹಸಿರು ನೀರು ಕಾಣುವಷ್ಟರಲ್ಲಿ ಬ್ರೆಡ್ಡು ಮುಗಿದಿತ್ತು. ಆಗಲೇ ತಿರುವಿನಲ್ಲಿ ಪ್ರವಾಸಿಗರ ಬಸ್ಸು ಎದುರಾಯಿತು.

ಒಂದೇ ಗಾಡಿ ಹಿಡಿಸುವ ಈ ದಾರಿಯಲ್ಲಿ ಸರಿದು ನಿಲ್ಲುವ ಜಾಗ ಯಾರಿಗೆ ಹತ್ತಿರವೋ ಅವರೇ ಹಿಂದೆ ಹೋಗಬೇಕು. ಅದು ನಮ್ಮ ಬೆನ್ನಿಗಿತ್ತು. ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ. ನನ್ನ ಕೈ ತಾನಾಗಿಯೇ ಎದ್ದಿತು. ತೊಡೆಯ ಕೆಳಗೆ ಒತ್ತಿ ಹಿಡಿದೆ. ಅವಳು ಕತ್ತು ತಿರುಗಿಸಿ, ಸ್ವಲ್ಪವೂ ಆತುರಪಡದೆ, ಕಾರನ್ನು ಹಿಂದಕ್ಕೆ ಒಯ್ದು ನಿಲ್ಲಿಸಿದಳು.

ಹಾದುಹೋಗುವಾಗ ಬಸ್ಸಿನವನು ಸ್ಟೀರಿಂಗಿನ ಮೇಲಿಂದ ಎರಡು ಬೆರಳು ಎತ್ತಿದ; ಇಲ್ಲಿನ ಚಾಲಕರು ಥ್ಯಾಂಕ್ಸ್ ಹೇಳುವುದು ಹೀಗೆ. ಇದೇ ದಾರಿಯಲ್ಲಿ ಮೂವತ್ತು ವರ್ಷ ಹಾಲಿನ ಲಾರಿ ಓಡಿಸಿದವನು ನಾನು. ಅಭ್ಯಾಸಬಲದಿಂದ ನಾನೂ ಬೆರಳು ಎತ್ತಿದೆ.

"ಅದು ನಿಂಗಲ್ಲ ಅಜ್ಜ" ಎಂದಳು.

ಹೌದು, ನನಗಲ್ಲ. ಮನೆ ತಲುಪುವವರೆಗೂ ಎದೆಯುಬ್ಬಿಸಿಕೊಂಡೇ ಕುಳಿತಿದ್ದೆ. ಇನ್ನು ಬ್ರೆಡ್ಡು ಬೇಕಾಗಿಲ್ಲವೆಂದು ನಾಳೆ ಅವಳಿಗೆ ಹೇಳಬೇಕು. ಆದರೂ ಎರಡು ತುಂಡು ಇದ್ದರೆ...