ದನಿಯಿಲ್ಲದ ಅಳು

ಪಿರಿಯಾಪಟ್ಟಣ
೧೫ ಸೆಪ್ಟೆಂಬರ್ ೨೦೨೪, ಭಾನುವಾರ

ಪ್ರೀತಿಯ ಉಷಾ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ನನ್ನನ್ನು ಬಾಯಿತುಂಬ ಬೈದುಕೊಂಡಿರುತ್ತೀಯ, ಬೈದುಕೋ, ಇವತ್ತು ನನಗೆ ಯಾರ ಬೈಗುಳವೂ ನಾಟುವುದಿಲ್ಲ. ಫೋನು ಮಾಡೋಣವೆಂದರೆ ನಿನ್ನ ಕಿವಿಯ ಕಥೆ ಗೊತ್ತೇ ಇದೆ. ಕಳೆದ ಸಲ "ನಂದಿತಾಗೆ ಹೆಣ್ಣು" ಎಂದು ನಾನು ಕೂಗಿಕೊಂಡಿದ್ದು ನಮ್ಮ ಬೀದಿಗೆಲ್ಲ ಕೇಳಿಸಿತು, ಕೃಷ್ಣರಾಜನಗರದಲ್ಲಿ ಕೂತಿದ್ದ ನೀನು ಮಾತ್ರ "ಹಣ್ಣು ಕಳಿಸ್ಬೇಡ ಕಣೇ, ಇಲ್ಲೇ ಸಿಗುತ್ತೆ" ಎಂದೆ. ಅದಕ್ಕೇ ಕಾಗದ. ಇಷ್ಟು ದೊಡ್ಡ ಸಂಗತಿಯನ್ನು ಕೂಗಿ ಹೇಳುವಷ್ಟು ಗಂಟಲು ನನಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ಈಗ ಎಲ್ಲರೂ ಚೆನ್ನಾಗಿದ್ದೇವೆ. ಮಗು ನನ್ನ ಪಕ್ಕದಲ್ಲೇ ಕಾಲು ಬಡಿಯುತ್ತಾ ಮಲಗಿದೆ. ಆದರೆ ಕಳೆದ ತಿಂಗಳು ಅದು ನಮ್ಮ ಕೈತಪ್ಪಿ ಹೋಗುವುದರಲ್ಲಿತ್ತು. ಹೊಗೆಸೊಪ್ಪು ಬೇಯಿಸುವ ಕಾಲ, ನಮ್ಮ ಮನೆಯವರು ಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿ ಬಿಟ್ಟು ಅಲುಗಾಡುವ ಹಾಗಿರಲಿಲ್ಲ. ಓಡಾಡಿದವರೆಲ್ಲ ನಾವು ಹೆಂಗಸರು ಮತ್ತು ಅಳಿಯ ಯತೀಶ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಅದಕ್ಕೆ ನಂದಿತಾ ಹ್ಯಾಂಡ್‌ಪೋಸ್ಟ್ ಊರಿನ ಗಂಡನ ಮನೆಯಿಂದ ಇಲ್ಲಿಗೆ ಬಂದಿದ್ದಳು. ಹೆರಿಗೆ ಸಲೀಸಾಗಿ ಆಯಿತು. ಮನೆಗೆ ಬಂದ ದಿನವೇ ನಮ್ಮ ಅತ್ತೆ ಪುಟ್ಟಸಿದ್ದಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರು. ಅವರಿಗೆ ವಯಸ್ಸು ಎಂಬತ್ತು ದಾಟಿದೆ, ಗತ್ತಿಗೆ ಮಾತ್ರ ಇನ್ನೂ ಮೂವತ್ತು. ನಾನು ಹೆದರುತ್ತಲೇ "ಅತ್ತೆ, ಒಂದಿಷ್ಟು ಸೊಪ್ಪು, ಬೇಳೆ ಕೊಡೋಣ" ಎಂದೆ. ನೀನೂ ನಾನೂ ಹೆಗ್ಗಡದೇವನಕೋಟೆಯ ಅಂಗನವಾಡಿಗಳಲ್ಲಿ ಗಂಟಲು ಹರಿದುಕೊಂಡು ಹೇಳಿದ್ದು ಅದನ್ನೇ ಅಲ್ಲವೇ? ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನು ಊರ್ ಮಕ್ಳಿಗೆ ಪಾಠ ಏಳ್ಕೊ ಓಗು. ನನ್ ಮೊಮ್ಮಗ್ಳು ಬಾಣಂತನ ನಂಗ್ ಬುಡು" ಎಂದರು. ಬಿಟ್ಟೆ. ಊರಿಗೆಲ್ಲ ಪೋಸ್ಟರು ತೋರಿಸಿ ಬುದ್ಧಿ ಹೇಳಿದ ನಾನು ನಮ್ಮ ಅಡುಗೆಮನೆಯಲ್ಲಿ ಇವತ್ತಿಗೂ ಸೊಸೆಯೇ.

ಆಮೇಲೆ ಶುರುವಾಯಿತು ನೋಡು ಪಥ್ಯ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬೆಳಿಗ್ಗೆ ಸಂಜೆ ಸಾಂಬ್ರಾಣಿ ಹೊಗೆ. ಊಟಕ್ಕೆ ಅನ್ನ, ಮೆಣಸು ಬೆಳ್ಳುಳ್ಳಿಯ ನೀರುಸಾರು, ಮೇಲೆ ಎಲೆ ಅಡಿಕೆ. ಮತ್ತೆ ಅನ್ನ, ಮತ್ತೆ ಅದೇ ಸಾರು. ಬೇಳೆ ವಾಯು, ಸೊಪ್ಪು ಶೀತ, ಮುದ್ದೆ ಭಾರ, ಹಣ್ಣಿನ ಹೆಸರೇ ಎತ್ತಬಾರದು. ಹುಟ್ಟಿದಾಗಿನಿಂದ ಮುದ್ದೆ ನುಂಗಿ ಬೆಳೆದ ಹುಡುಗಿ ಅನ್ನದ ತಟ್ಟೆ ನೋಡಿದರೆ ಮುಖ ತಿರುಗಿಸುವ ಹಾಗಾದಳು. ಕಾಲು ಜೋಮು ಹಿಡಿಯುತ್ತದೆ ಎನ್ನುತ್ತಿದ್ದಳು. "ಬಾಣಂತಿ ಅಂದ್ರೆ ಅಂಗೇಯ" ಎಂದು ಅತ್ತೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಪ್ರೀತಿಗೆ ಕೊರತೆ ಇರಲಿಲ್ಲ ಉಷಾ, ಅದನ್ನು ಹೇಳಲೇಬೇಕು. ಅವರ ಮಂಡಿ ಹಿಡಿದಿದ್ದರೂ ಬಾಣಂತಿಯ ನೀರು ಬೇರೆಯವರ ಕೈಯಲ್ಲಿ ಕಾಯಿಸಲು ಬಿಡಲಿಲ್ಲ.

ಮಗುವಿಗೆ ಮೂರು ತಿಂಗಳು ತುಂಬುತ್ತಿದ್ದ ಹಾಗೆ ವಾಂತಿ ಶುರುವಾಯಿತು. ಹಾಲಿಗೆ ಬಾಯಿ ಹಾಕುವುದು, ಬಿಡುವುದು, ಅಳುವುದು. ಆಮೇಲೆ ಒಂದು ದಿನ ನಾನು ಹಿತ್ತಿಲಿನಿಂದ ಒಳಗೆ ಬಂದೆ, ಮನೆ ತಣ್ಣಗಿತ್ತು, ಮಗು ಮಲಗಿರಬೇಕು ಎಂದುಕೊಂಡೆ. ತೊಟ್ಟಿಲು ಬಗ್ಗಿ ನೋಡಿದರೆ ಮಗು ಬಾಯಿ ತೆರೆದು, ಮುಖ ಕೆಂಪಗೆ ಮಾಡಿಕೊಂಡು ಅಳುತ್ತಿದೆ. ಕಣ್ಣೀರು ಕೆನ್ನೆಗೆ ಇಳಿಯುತ್ತಿದೆ. ದನಿ ಮಾತ್ರ ಇಲ್ಲ.

ಇಲ್ಲಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಉಸಿರು ಬಹಳ ಜೋರಾಗಿದೆ, ನಿಲ್ಲಬೇಡಿ, ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಯತೀಶ ಯಾರದೋ ಕಾರು ತಂದ. ಅತ್ತೆಯನ್ನು ಬಿಟ್ಟು ಹೊರಡೋಣವೆಂದರೆ ಅವರು ಆಗಲೇ ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಹುಣಸೂರು ದಾಟುವವರೆಗೂ ನಂದಿತಾ ಮಗುವಿನ ಮೂಗಿನ ಮುಂದೆ ಬೆರಳು ಹಿಡಿದು ಹಿಡಿದು ನೋಡುತ್ತಿದ್ದಳು.

ಮಕ್ಕಳಾಸ್ಪತ್ರೆಯಲ್ಲಿ ಆಮ್ಲಜನಕ ಹಾಕಿದರು, ಹೃದಯದ ಫೋಟೋ ತೆಗೆದರು. ಹೃದಯದ ಒಂದು ಭಾಗ ಊದಿಕೊಂಡಿದೆ, ಹುಟ್ಟಿನಿಂದ ಬಂದ ದೋಷ ಕಾಣುತ್ತಿಲ್ಲ, ಯಾಕೆ ಹೀಗಾಯಿತು ಎಂದು ಹುಡುಕುತ್ತಿದ್ದೇವೆ ಎಂದರು ದೊಡ್ಡ ಡಾಕ್ಟರು. ಯತೀಶ "ಉಳೀತದಾ ಸಾರ್?" ಎಂದು ಕೇಳಿಯೇಬಿಟ್ಟ. ಅವರು ಅವನ ಭುಜದ ಮೇಲೆ ಕೈಯಿಟ್ಟರು.

ಅಷ್ಟರಲ್ಲಿ ಪದ್ಮಶ್ರೀ ಎನ್ನುವ ಒಬ್ಬ ಹುಡುಗಿ ಬಂದಳು. ಊಟಕ್ಕೂ ಕಾಯಿಲೆಗೂ ಇರುವ ಸಂಬಂಧದ ಮೇಲೆ ಆ ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ, ಇಂಥ ಕೂಸುಗಳ ತಾಯಂದಿರನ್ನೆಲ್ಲ ಮಾತಾಡಿಸುತ್ತಾಳೆ. ನಂದಿತಾಳ ಪಕ್ಕ ಕೂತು ಮೆತ್ತಗೆ ಕೇಳಿದಳು, "ಹೆರಿಗೆ ಆದಾಗಿಂದ ಊಟ ಏನೇನು ಮಾಡ್ತಿದ್ದೀರಾ?"

ಈಗ ನಗು ಬರುತ್ತದೆ, ಆಗ ಬರಲಿಲ್ಲ. ಹಳ್ಳಿಯವರು, ಏನೂ ತಿಳಿಯದವರು ಎಂದುಕೊಂಡಾರೆಂದು ನಂದಿತಾ ಪಟಪಟನೆ ಹೇಳಿಬಿಟ್ಟಳು: "ಎಲ್ಲಾ ತಿಂತೀನಿ ಮೇಡಂ. ಬೇಳೆ, ಸೊಪ್ಪು, ಮೊಟ್ಟೆ, ಹಣ್ಣು." ನಮ್ಮ ಪೋಸ್ಟರಿನಲ್ಲಿ ಯಾವ ಸಾಲಿನಲ್ಲಿ ಬರೆದಿತ್ತೋ ಅದೇ ಸಾಲಿನಲ್ಲಿ! ನಾನೂ ಪಕ್ಕದಲ್ಲಿ ನಿಂತು ತಲೆಯಾಡಿಸಿದೆ. ಮಗುವಿಗೆ ಉಸಿರು ಕಷ್ಟವಾಗಿರುವಾಗ ಅಡುಗೆಮನೆಯ ವಿಚಾರ ಯಾಕೆ ಎಂದು ನನಗನ್ನಿಸಿತ್ತು. ಆ ಹುಡುಗಿ ಬರೆದುಕೊಂಡು ಏಳುವುದರಲ್ಲಿದ್ದಳು.

ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಅತ್ತೆಗೆ ತಡೆಯಲಾಗಲಿಲ್ಲ. "ಯಾರಮ್ಮಿ ಎಲ್ಲಾ ತಿನ್ನೋಳು?" ಎಂದು ಎದ್ದು ಬಂದರು. "ನಾನು ಬಾಣಂತನ ಮಾಡೀನಿ, ಎಲ್ಲಾ ತಿನ್ನಾಕ್ ಬುಟ್ಟಿದ್ದೀನಾ? ನೋಡವ್ವ ಮಗ, ಇವ್ಳು ಸುಳ್ ಏಳ್ತಾವ್ಳೆ. ಎಳ್ಳಷ್ಟೂ ಪತ್ಯ ಕೆಡ್ಸಿಲ್ಲ ನಾನು. ಮಿಲ್ಲಿನ ಸಣ್ಣಕ್ಕಿ, ನೀರು ತಿಳಿಯಾಗೋಗಂಟ ತೊಳ್ದು, ಗಂಜಿ ಪೂರಾ ಬಸ್ದು, ಮೆಣಸಿನ್ ಸಾರಲ್ಲಿ ಕಲ್ಸಿ ಇಕ್ಕೀನಿ. ಬ್ಯಾಳೆ ಮುಟ್ಸಿಲ್ಲ, ಸೊಪ್ ಮುಟ್ಸಿಲ್ಲ, ಇಟ್ಟಂತೂ ಕಣ್ಣಲ್ಲೂ ತೋರ್ಸಿಲ್ಲ. ಬೇಕಾರೆ ಊರೋರ್ನ ಕೇಳು!"

ಇಟ್ಟು ಎಂದರೆ ಮುದ್ದೆ ಎಂದು ಆ ಹುಡುಗಿಗೆ ಹೇಳಿಕೊಡಬೇಕಾಗಿ ಬರಲಿಲ್ಲ, ಅವಳೂ ಹೆಗ್ಗಡದೇವನಕೋಟೆ ಕಡೆಯವಳೇ. ಮತ್ತೆ ಕೂತಳು. "ಅಜ್ಜಿ, ಇನ್ನೊಂದ್ಸಲ ಹೇಳಿ. ಅಕ್ಕಿ ಎಷ್ಟು ಸಲ ತೊಳೀತೀರಾ? ಎಲೆ ಅಡಿಕೆ ಕೊಡ್ತೀರಾ?" ತಮ್ಮ ಬಾಣಂತನವನ್ನು ಇಷ್ಟು ಶ್ರದ್ಧೆಯಿಂದ ಕೇಳಿದವರು ಹುಟ್ಟಿದ ಮೇಲೆ ಅತ್ತೆಗೆ ಸಿಕ್ಕಿರಲಿಲ್ಲ. ಒಂದೂ ಬಿಡದೆ ಹೇಳಿದರು. ಹೇಳುತ್ತಾ ಹೇಳುತ್ತಾ ಅವರ ಮುಖ ಬೆಳಗುತ್ತಿತ್ತು. ಪದ್ಮಶ್ರೀ ಮಗುವಿನ ಬಾಯಿ ತೆರೆದ ಮುಖವನ್ನೇ ನೋಡುತ್ತಾ "ಅಳುವಾಗ ದನಿ ಯಾವತ್ತಿಂದ ಇಲ್ಲ?" ಎಂದು ನನ್ನನ್ನು ಕೇಳಿದಳು. ಹೇಳಿದೆ. ಅವಳು ನಡೆಯಲಿಲ್ಲ ಉಷಾ, ಡಾಕ್ಟರ ಕೋಣೆಗೆ ಓಡಿದಳು.

ಡಾಕ್ಟರು ಬಂದರು, ಒಂದು ಸೂಜಿ ಹಾಕಿಸಿದರು. ಬೇರೇನೂ ಅಲ್ಲ ಕಣೇ, ಒಂದು ಜೀವಸತ್ವ. ಬಿ ಒನ್ ಅಂತ, ಥಯಮಿನ್ ಅಂತಲೂ ಅನ್ನುತ್ತಾರೆ. ಸಂಜೆ ಕಾಫಿ ಬರುವ ಹೊತ್ತಿಗೆ ಮಗುವಿನ ಪಕ್ಕೆ ಬಡಿದುಕೊಳ್ಳುವುದು ಕಡಿಮೆಯಾಗಿತ್ತು. ನಾನು ನಂಬಲಿಲ್ಲ, ನರ್ಸನ್ನು ಕರೆದು ತೋರಿಸಿದೆ, ಅವಳು ನಕ್ಕಳು. ಮಾರನೆಯ ಬೆಳಿಗ್ಗೆ ಆಮ್ಲಜನಕ ತೆಗೆದರು. ನಮ್ಮ ಪುಟ್ಟ ಕೂಸು ಟ್ಯೂಬ್‌ಲೈಟು ನೋಡಿಕೊಂಡು ನಗುತ್ತಾ ಮಲಗಿತ್ತು. ಯತೀಶ ಮೆಟ್ಟಿಲ ಮೇಲೆ ಕೂತು, ಎಲ್ಲರೆದುರಿಗೆ, ಹೋ ಎಂದು ಅತ್ತ. ನಾನೂ ಅತ್ತುಬಿಟ್ಟೆ. ಎಷ್ಟು ಸುಖವಾಯಿತು ಅಂತೀಯಾ ಹಾಗೆ ಅತ್ತದ್ದು!

ಪದ್ಮಶ್ರೀ ನಮಗೆಲ್ಲ ಬಿಡಿಸಿ ಹೇಳಿದಳು. ಆ ಸತ್ವ ಅಕ್ಕಿಯ ತೌಡಿನಲ್ಲಿರುತ್ತದಂತೆ. ಮಿಲ್ಲಿನಲ್ಲಿ ಪಾಲಿಶು ಮಾಡಿದರೆ ಅಲ್ಲೇ ಬಹಳಷ್ಟು ಹೋಯಿತು, ತೊಳೆದರೆ ಇನ್ನಷ್ಟು, ಗಂಜಿ ಬಸಿದರೆ ಉಳಿದದ್ದೂ. ಬೇಳೆಯಲ್ಲಿದೆ, ರಾಗಿಯಲ್ಲಿದೆ, ಅವೆರಡೂ ಪಥ್ಯದಲ್ಲಿ ಇಲ್ಲ. ಎಲೆ ಅಡಿಕೆಯಂತೂ ಅಳಿದುಳಿದದ್ದನ್ನೂ ಮೈಗೆ ಹತ್ತಗೊಡುವುದಿಲ್ಲವಂತೆ. ತಾಯಿಯ ಮೈಯಲ್ಲೇ ಇಲ್ಲದ್ದು ಹಾಲಿಗೆ ಎಲ್ಲಿಂದ ಬರಬೇಕು? ಹಾಲೊಂದನ್ನೇ ನಂಬಿದ ಕೂಸಿನ ಹೃದಯ ಸೋಲುತ್ತದೆ, ದನಿ ಅಡಗುತ್ತದೆ. ನಂದಿತಾ ಹೆದರಿ "ಹಂಗಾದ್ರೆ ಹಾಲು ಬಿಡಿಸಿಬಿಡಲಾ?" ಎಂದಳು. "ಖಂಡಿತ ಬೇಡ, ನೀವು ಮಾತ್ರೆ ತಗೊಳ್ಳಿ, ಚೆನ್ನಾಗಿ ಊಟ ಮಾಡಿ, ಹಾಲು ಕೊಡ್ತಾನೇ ಇರಿ" ಎಂದರು ಡಾಕ್ಟರು.

ಅತ್ತೆ "ಅಕ್ಕಿ ತೊಳ್ದಿದ್ದು, ಗಂಜಿ, ಎಲ್ಲಾನೂವೆ ಕಲಗಚ್ಚಿಗೆ ಉಯ್ದೆ ಕಣವ್ವ" ಎಂದರು. ಹಾಗಾಗಿ ನಮ್ಮ ಮೊಮ್ಮಗಳ ಪಾಲಿನ ಸತ್ವವನ್ನೆಲ್ಲ ಕುಡಿದದ್ದು ನಮ್ಮ ಕೆಂಪಿ ಹಸು. ಅದು ಈ ಸಲ ಮಿರಮಿರನೆ ಮಿಂಚುತ್ತಿತ್ತು, ನಾವು ಹಿಂಡಿ ಒಳ್ಳೆಯದು ಎಂದುಕೊಂಡಿದ್ದೆವು!

ದನಿ ಬರುವುದಕ್ಕೆ ಇನ್ನೂ ಕೆಲವು ದಿನ ಬೇಕಾಯಿತು. ಮೊದಲು ಕಾಗೆಮರಿಯ ಹಾಗೆ ಕರ್ ಎಂದಳು. ಇಡೀ ವಾರ್ಡಿನ ತಾಯಂದಿರು ನಕ್ಕರು. ಈಗಂತೂ ಬೀದಿಯ ಆ ತುದಿಗೆ ಕೇಳುವ ಹಾಗೆ ಕಿರುಚುತ್ತಾಳೆ, ನಮ್ಮ ಮನೆಯವರು ಬ್ಯಾರನ್ನಿನಿಂದಲೇ "ಬಂದೆ ಇರವ್ವಾ" ಎಂದು ಕೂಗುತ್ತಾರೆ. ನೀನು ಬಂದು ಎತ್ತಿಕೋ. ಇವಳ ಅಳು ನಿನ್ನ ಕಿವಿಗೂ ಕೇಳದಿದ್ದರೆ ನನ್ನನ್ನು ಕೇಳು.

ಇನ್ನೊಂದು ತಮಾಷೆ. ಪದ್ಮಶ್ರೀ ಮೊನ್ನೆ ಊರಿಗೆ ಬಂದಿದ್ದಳು. ಹುಣಸೂರು, ಕೋಟೆ ಕಡೆಯ ಹಳ್ಳಿಗಳಿಗೂ ಹೋಗುತ್ತಾಳಂತೆ, ಪಥ್ಯ ಎಲ್ಲೆಲ್ಲಿ ಹೇಗೆ ಎಂದು ತಿಳಿಯುವುದಕ್ಕೆ. ಬಾಣಂತಿಯರನ್ನು ಕೇಳುವುದಿಲ್ಲವಂತೆ ಈಗ, ಬಾಣಂತನ ಮಾಡುವ ಅಜ್ಜಿಯರನ್ನೇ ಕೇಳುತ್ತಾಳಂತೆ. "ಅವ್ರು ಜಂಬ ಕೊಚ್ಕೊತಾರೆ ಆಂಟಿ, ನಿಜ ಹೇಳ್ತಾರೆ" ಎಂದಳು. ಅತ್ತೆ ಅವಳಿಗೆ ಬಿಸಿ ಮುದ್ದೆ, ಅವರೆಕಾಳು ಸಾರು ಬಡಿಸಿ, ಪಕ್ಕದಲ್ಲೇ ನಂದಿತಾಗೂ ಬಡಿಸಿದರು. ಪಥ್ಯ ಮುರಿಯಿತೆಂದು ಬಾಯಲ್ಲಿ ಹೇಳಲಿಲ್ಲ, "ಆ ಡಾಕ್ಟ್ರಮ್ಮ ಒಬ್ಳೇ ಉಣ್ಣಾಕಾದದಾ, ಜೊತ್ಗೆ ಕೂತ್ಕೊ" ಎಂದರು.

ಸರಿ, ಕೈ ನೋಯುತ್ತಿದೆ. ನೀನು ಬೆಚ್ಚಗಿರು, ಮಕ್ಕಳು ಮೊಮ್ಮಕ್ಕಳು ನಿನ್ನ ಸುತ್ತ ಗಲಾಟೆ ಮಾಡಿಕೊಂಡಿರಲಿ, ನಮ್ಮ ಮನೆಗೆ ಬಂದ ನೆಮ್ಮದಿ ನಿಮ್ಮ ಮನೆ ಬಾಗಿಲನ್ನೂ ತಟ್ಟಲಿ. ದಸರಾ ರಜೆಗೆ ಬಾ, ಸಬೂಬು ಹೇಳಬೇಡ.

ನಿನ್ನ
ರಾಧಾ

ಮರೆತ ಮಾತು: ಮರೆತದ್ದಲ್ಲ, ಬರೆಯುವುದೋ ಬೇಡವೋ ಎಂದು ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ನಾನು ಮಲ್ಲಿಗೆ ಯಾಕೆ ಮುಡಿಯುವುದಿಲ್ಲ ಎಂದು ನೀನು ಪ್ರತಿ ಹಬ್ಬದಲ್ಲೂ ಕೇಳುತ್ತಿದ್ದೆ, ನಾನು ತಲೆನೋವು ಎನ್ನುತ್ತಿದ್ದೆ. ತಲೆನೋವಲ್ಲ ಕಣೇ. ನಂದಿತಾಳಿಗಿಂತ ಮುಂಚೆ ನನಗೊಂದು ಗಂಡು ಮಗುವಾಗಿತ್ತು, ನಿನ್ನ ಪರಿಚಯವಾಗುವುದಕ್ಕೂ ಮೊದಲು. ನನಗೆ ತಾಯಿ ಇರಲಿಲ್ಲವಲ್ಲ, ಬಾಣಂತನ ಅತ್ತೆಯದೇ. ಅದೇ ಪಥ್ಯ. ಅವನೂ ದನಿಯಿಲ್ಲದೆ ಅತ್ತ, ಆಸ್ಪತ್ರೆ ಮುಟ್ಟಲಿಲ್ಲ. ತಾಯಿಯ ಹಾಲೇ ನಂಜು ಎಂದರು. ನಂದಿತಾ ಹುಟ್ಟಿದಾಗ ನನ್ನ ಎದೆಗೆ ಮಲ್ಲಿಗೆ ಹೂವು ಕಟ್ಟಿ ಹಾಲು ಬತ್ತಿಸಿದರು. ಅವಳಿಗೆ ಒಳಲೆಯಲ್ಲಿ ಹಸುವಿನ ಹಾಲು ಹಾಕಿ ಬೆಳೆಸಿದರು. ಅವಳು ಗುಂಡಗೆ ಬೆಳೆದಳು. ಅಲ್ಲಿಗೆ ನನ್ನ ಹಾಲು ನಂಜೆನ್ನುವುದು ಎಲ್ಲರಿಗೂ ಖಾತ್ರಿಯಾಯಿತು, ನನಗೂ ಆಯಿತು. ಇಷ್ಟು ವರ್ಷ ಹಾಗೇ ನಂಬಿದ್ದೆ ಉಷಾ. ಆಸ್ಪತ್ರೆಯಲ್ಲಿ ಪದ್ಮಶ್ರೀ ಅದನ್ನೆಲ್ಲ ಬಿಡಿಸಿ ಹೇಳುವಾಗ ಅತ್ತೆ ನನ್ನ ಕಡೆ ನೋಡಲಿಲ್ಲ, ನಾನೂ ಅವರ ಕಡೆ ನೋಡಲಿಲ್ಲ. ಇವತ್ತಿನವರೆಗೂ ಇಬ್ಬರೂ ಆ ಮಾತೆತ್ತಿಲ್ಲ. ನಂದಿತಾಗಂತೂ ಇದು ಯಾವುದೂ ತಿಳಿಯದು. ಬೆಳಿಗ್ಗೆ ಮಗುವನ್ನು ಎದೆಗೆ ಹಾಕಿಕೊಂಡು ಕೂತಿದ್ದವಳು ಕೇಳಿದಳು, "ಅಮ್ಮ, ನಂಗೆ ನೀನು ಎಷ್ಟು ದಿನ ಹಾಲು ಕೊಟ್ಟೆ?" ನನಗೆ ಏನು ತೋಚಿತೋ, "ಎರಡು ವರ್ಷ" ಎಂದುಬಿಟ್ಟೆ. ಅತ್ತೆ ಅಲ್ಲೇ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದರು. ಅವರು ತಲೆ ಎತ್ತದೆಯೇ ಮೊಮ್ಮಗಳಿಗೆ ಹೇಳಿದರು: "ಎಲ್ಡೊರ್ಸವೂ ತುಂಬೋಗಿತ್ತು ಕಣಮ್ಮಿ. ಬುಟ್ರೆ ತಾನೇ ನೀನು? ಬುಡ್ಸಾಕೆ ನಿಮ್ಮವ್ವನ್ ಎದೆಗೆ ನಾನೇ ಬೇವಿನ್ ಸೊಪ್ ಅರ್ದು ಅಚ್ಚಿದ್ದೆ."